ಬಳಚಿನ ಚಿಪ್ಪು

ಬೈತಖೋಲದ ಸೊಸೈಟಿಯ ಮಹಡಿ ಕೋಣೆಯಲ್ಲಿ
ಎರಡು ಸರ್ವರು, ಒಂದು ಫ್ಯಾನು, ನಾನು.
ಕಿಟಕಿಯಾಚೆ ಬಂಗಡೆ ಬುಟ್ಟಿಗೆ ಐಸು ಒಡೆಯುವ ಸದ್ದು.
ಒಂದು ಸರ್ವರಿಗೆ ಈಚೆ ದಂಡೆಯ ಹೆಸರು,
ಇನ್ನೊಂದಕ್ಕೆ ಆಚೆಯದು, ಸದಾಶಿವಗಡದ ಸಂಘದ್ದು.
ಎರಡೂ ನಾನೇ ಕಟ್ಟಿದ್ದು.
ಒಂದಕ್ಕೊಂದರ ಮುಖಪರಿಚಯವಿಲ್ಲ.

ಬುಧವಂತಕ್ಕ ಬಂದಳು, ಸೆರಗಿಗೆ ಬೆರಳು ಒರೆಸುತ್ತ.
ಹೆಸರು ಹೇಳಿದಳು, ಓಟಿಪಿ ಹೇಳಿದಳು,
ಐಸಿನ ಬಾಕಿ ನೋಡಿದಳು. ಸರಿ.
ಸಾಲದ ಕಂತಿಗೆಂದು ಆಚೆಯ ಪುಟ ಒತ್ತಿದರೆ
ಮತ್ತದೇ ಪ್ರಶ್ನೆ: ನೀವು ಯಾರು?
"ಈಗಷ್ಟೇ ಹೇಳಿದ್ನಲ್ಲ ಮಾರಾಯಾ,
ಇವಕ್ಕೆ ಕಿವಿ ಇಲ್ವಾ?"

ಕುಕ್ಕಿ ಅಂದರೆ ಬಿಸ್ಕೀಟಲ್ಲ ಅಕ್ಕಾ,
ಒಂದು ಮನೆಯವರು ಗುರುತಿಗೆ ಕೊಟ್ಟ ಚೀಟಿ.
ಆ ಮನೆಯ ಬಾಗಿಲಲ್ಲಷ್ಟೇ ತೋರಿಸಬೇಕು.
ಪಕ್ಕದ ಮನೆಗೆ ಒಯ್ಯಹೋದರೆ
ಬ್ರೌಸರು ಮುಂಗೈ ಹಿಡಿಯುತ್ತದೆ.

ಕೇಳಿಸಿಕೊಂಡಳೋ ಇಲ್ಲವೋ.
"ಸೇತುವೆ ಇಲ್ಲದ ಕಾಲಕ್ಕೆ ನಮ್ಮವ್ವ
ಆಚೆ ದಂಡೆಗೆ ಮೀನು ಕಡ ಕೊಡ್ತಿದ್ಳು.
ಅಕ್ಷರ ಬರ್ತಿರಲಿಲ್ಲ.
ಬಳಚು ಬಿಡಿಸಿ, ಒಂದು ಚಿಪ್ಪು ತಾನಿಟ್ಕೊಂಡು
ಇನ್ನೊಂದು ದೋಣಿಯವನ ಕೈಲಿ ಕಳಿಸ್ತಿದ್ಳು.
ಹಣ ತಂದವ ಯಾರೇ ಇರಲಿ, ಚಿಪ್ಪಿಗೆ ಚಿಪ್ಪು ಕೂಡಬೇಕು.
ಕೂಡಿತೋ, ಹೆಸರು ಕೇಳ್ತಿರಲಿಲ್ಲ.
ಆಮೇಲೆ ಕಲ್ಲಲ್ಲಿ ಜಜ್ಜಿ ಎಸೀತಿದ್ಳು,
ಅದನ್ನೇ ಎರಡನೇ ಸಲ ಯಾರೂ ತರಬಾರ್ದಲ್ಲ."

ಆ ರಾತ್ರಿ ಅದನ್ನೇ ಬರೆದೆ.
ಇಲ್ಲಿ ಒಳಬಂದವರ ಕೈಗೆ ಒಂದು ಚಿಪ್ಪು,
ಮೂವತ್ತು ಸೆಕೆಂಡಿನ ಆಯುಷ್ಯ.
ಆಚೆಯವನು ಹಿಂಬಾಗಿಲಲ್ಲಿ ಈಚೆಯವನನ್ನು ಕೇಳಬೇಕು:
ನಿಮ್ಮದೇನಾ?
ಹೌದೆಂದರೆ ಜಜ್ಜು, ಒಳಗೆ ಬಿಡು.
ಎರಡೂವರೆಗೆ ನನ್ನ ಹೆಸರು ಕಾಳಿ ದಾಟಿತು.
ಫ್ಲಾಸ್ಕಿನಲ್ಲಿ ಚಹಾ ಮುಗಿದಿತ್ತು.

ಬೆಳಿಗ್ಗೆ ಬುಧವಂತಕ್ಕನದು ದಾಟಲಿಲ್ಲ.
ಚಿಪ್ಪು ಸರಿ, ಗಡುವು ಸರಿ, ಆದರೂ ಆಚೆಯವ ಅಂದ:
ಬುಧವಂತಿ ಹರಿಕಂತ್ರ ಎಂಬವರು ನಮ್ಮಲ್ಲಿಲ್ಲ.
ಅವಳು ನಕ್ಕಳು, ಹಿಂದಿನ ಹಲ್ಲೂ ಕಾಣುವಂತೆ.
"ಅಲ್ಲಿ ನಾ ಶೇವಂತಿ.
ಹೊಳೆ ದಾಟಿಸಿ ತಂದ ದಿನ ಹೆಸರು ಬದಲಿಸಿದ್ರು.
ಆ ಖಾತೆ ಅದಕ್ಕೂ ಹಿಂದಿನದು."

ಹೊಸ ಟೇಬಲ್ಲು ಮಾಡಿದೆ. ಎರಡು ಕಾಲಮ್ಮು, ಒಂದೇ ಸಾಲು:
ಎಡಕ್ಕೊಬ್ಬಳು, ಬಲಕ್ಕೊಬ್ಬಳು.
ಉಳಿದವರದು ಎಷ್ಟಿದೆಯೋ, ಕೇಳಬೇಕು.

ಸಂಜೆ ಬೈಕಿನಲ್ಲಿ ಅವಳನ್ನು ಬಿಡಲು ಹೊರಟೆ.
ಹಳೆಯದು ಬಿದ್ದ ಮೇಲೆ
ಹೋಗುವವರೂ ಬರುವವರೂ ಒಂದೇ ಸೇತುವೆಯ ಮೇಲೆ,
ನಿಧಾನ.
ಅರ್ಧ ತಾಸು ಸುಮ್ಮನಿದ್ದರೆ ನನ್ನ ಸರ್ವರು ಯಾರನ್ನೂ ಮರೆಯುತ್ತದೆ.
ಆ ಗಡುವು ಇಟ್ಟವನು ನಾನೇ.
ಆ ಓಣಿಗೆ ಅವಳು ಬಾರದೆ ಹನ್ನೊಂದು ವರ್ಷ.

ಮೂಲೆಮನೆಯ ಮುದುಕಿ ಬಳಚು ಬಿಡಿಸುತ್ತಿದ್ದಳು.
ಹೆಜ್ಜೆಸದ್ದಿಗೆ, ತಲೆ ಎತ್ತದೆ, ಅಂದಳು:
"ಶೇವಂತಿ, ಕೂತ್ಕೋ."
ಆಮೇಲೆ ಕತ್ತಿ ಕೆಳಗಿಟ್ಟು,
ಹೆಲ್ಮೆಟ್ಟಿನೊಳಗೆ ಬೆವರುತ್ತಿದ್ದ ನನ್ನನ್ನು ನೋಡಿ:
"ಇವ ಯಾರು?"