ತಾರೀಖಿನ ಮೊಹರು

ಶುಕ್ರವಾರ ತಪ್ಪಿತಸ್ಥೆ ಅಂದರು.
ಎಷ್ಟು ವರ್ಷ ಅನ್ನುವುದು ಮಂಗಳವಾರ.
ನಡುವೆ ಮೂರು ದಿನ ಕೊಟ್ಟಿದ್ದಾರೆ,
ತಯಾರಾಗಲಿಕ್ಕೆ.

ವಕೀಲ ಮುದ್ದಪ್ಪನವರ ಕಚೇರಿ ವಿರಾಜಪೇಟೆ ಗಡಿಯಾರ ಕಂಬದ ಹಿಂದೆ,
ಕೆಳಗೆ ಕರಿಮೆಣಸಿನ ಮಂಡಿ, ಮೆಟ್ಟಿಲಲ್ಲೇ ಸೀನು.
"ಅಳಬೇಡ," ಅಂದರು. "ಅತ್ತರೆ ಸಾಹೇಬರು ಫೈಲು ನೋಡುತ್ತಾರೆ, ನಿನ್ನನ್ನಲ್ಲ.
ನಾನು ಮಾಡಿಲ್ಲ ಅನ್ನುವ ಮಾತು ಮುಗಿಯಿತು,
ಅದಕ್ಕೆ ಬೇರೆ ಕೋರ್ಟಿದೆ.
ಇಲ್ಲಿ ಕೇಳುವುದು ಒಂದೇ: ಕಡಿಮೆ.
ಕೇಳುವಾಗ ಕೈ ಕಟ್ಟಬೇಡ, ಜೋಲು ಬಿಡಲೂಬೇಡ."
ಹಾಗಾದರೆ ಕೈಯನ್ನು ಏನು ಮಾಡಲಿ
ಎಂದು ಅವರೂ ಹೇಳಲಿಲ್ಲ.

ಹಣ ತಿರುಗಿ ಕಟ್ಟಿದ ರಸೀದಿಗಳು, ಎಂಬತ್ತೊಂದು ಸಾವಿರದ ಮುನ್ನೂರು:
ಬಳೆ ಮಾರಿದ್ದು, ಹಸು ಮಾರಿದ್ದು,
ತಮ್ಮ ಕೊಟ್ಟು ಮಾತು ಬಿಟ್ಟದ್ದು.
ಬಿ.ಪಿ. ಮಾತ್ರೆಯ ಚೀಟಿ. ಮಗಳ ಕಾಲೇಜಿನ ಕಾಗದ.
ಊರವರದೊಂದು ಪತ್ರ, ಇವಳು ಒಳ್ಳೆಯವಳೆಂದು.
ಅದನ್ನು ಬರೆಸಲು ಯಾರ ಮನೆಗೆ ಹೋಗಲಿ?
ಊರೆಂದರೆ ನನ್ನ ಕೌಂಟರಿನ ಮುಂದೆ ನಿಂತವರೇ.
ಕೊನೆಗೆ ಅಂಗನವಾಡಿಯ ಸರೋಜಿನಿ ನಾಲ್ಕು ಸಾಲು ಬರೆದಳು,
"ನನಗೆ ತಿಳಿದ ಮಟ್ಟಿಗೆ" ಎಂದು ಎರಡು ಸಲ.

ಇನ್ನೊಂದು ಚೀಲ: ಎರಡು ನೈಟಿ, ಬ್ರಷ್ಷು, ಸ್ವೆಟರು,
ಅಲ್ಲಿಂದಲೇ ಜೀಪು ಹತ್ತಿಸಿದರೆ ಬೇಕಲ್ಲ.
ಮಂಚದ ಕೆಳಗಿಟ್ಟದ್ದನ್ನು ಮಗಳು ಎಳೆದು ನೋಡಿ
ಸ್ವೆಟರು ತೆಗೆದು ದಪ್ಪನೆಯದು ಹಾಕಿದಳು.
ಏನೂ ಅನ್ನಲಿಲ್ಲ.

ಭಾನುವಾರ ರಾತ್ರಿ ಫೈಲು ಬಿಚ್ಚಿ ಕೂತೆ.
ಮೇಲೆಯೇ ಇತ್ತು ಇವರ ಆಪರೇಷನ್ನಿನ ಬಿಲ್ಲು.
"ಇದೇ ನಮ್ಮ ತುರುಪು," ಅಂದಿದ್ದರು ಮುದ್ದಪ್ಪ,
"ಗಂಡನ ಜೀವಕ್ಕಾಗಿ ಹೆಂಗಸು ಕೈ ಹಾಕಿದಳು ಅಂದರೆ..."
ಬಿಲ್ಲಿನ ಮೂಲೆಯಲ್ಲಿ ತಾರೀಖು: ಸೆಪ್ಟೆಂಬರ್ ಹನ್ನೊಂದು.
ನಾನು ಮೊದಲ ಎರಡು ಸಾವಿರ ತೆಗೆದದ್ದು ಆ ವರ್ಷದ ಮೇ ತಿಂಗಳು,
ನಾದಿನಿಯ ಮಗನ ಮದುವೆಗೆ ಒಂದು ಸೀರೆ,
ಓರಗಿತ್ತಿಯರ ನಡುವೆ ಬಡವಿಯಾಗಿ ಕಾಣಬಾರದೆಂದು.
ಹಸಿರು, ಜರಿಯಂಚು. ಒಂದೇ ಸಲ ಉಟ್ಟದ್ದು.

"ಯಾರು ತಾರೀಖು ನೋಡುತ್ತಾರೆ?" ಫೋನಿನಲ್ಲಿ ಮುದ್ದಪ್ಪ.
ಹತ್ತೊಂಬತ್ತು ವರ್ಷ ನಾನು ನೋಡಿದ್ದು ಅದನ್ನೇ, ಸಾರ್.
ಅಂಚೆ ಕಚೇರಿಯ ಬಾಗಿಲು ತೆಗೆದು ಮೊದಲ ಕೆಲಸ
ಮೊಹರಿನ ಮೊಳೆ ಬದಲಿಸಿ ಆ ದಿನವನ್ನು ಕೂರಿಸುವುದು,
ಹಾಳು ಕಾಗದದ ಮೇಲೆ ಒತ್ತಿ ನೋಡುವುದು.
ಚೋಮಿಯ ಪಾಸ್‌ಬುಕ್ಕಿಗೆ ಮೊಹರು ಬಿತ್ತು,
ಲೆಜರಿಗೆ ಹಣ ಬೀಳಲಿಲ್ಲ.
ಕುಂಞಾಮಿಯದಕ್ಕೂ ಹಾಗೇ, ಲೈನ್‌ಮನೆಯ ಮುನಿಯಮ್ಮನದಕ್ಕೂ.
ಓದಲು ಬಾರದವರು ಆ ದುಂಡು ಮಸಿಯನ್ನು
ಊದಿ ಆರಿಸಿ, ಎದೆಗಿಟ್ಟುಕೊಂಡು ಹೋಗುತ್ತಿದ್ದರು.

ಬಿಲ್ಲನ್ನು ಫೈಲಿನಿಂದ ತೆಗೆದೆ. ಮತ್ತೆ ಇಟ್ಟೆ.
ಮತ್ತೆ ತೆಗೆದು ಅಕ್ಕಿ ಡಬ್ಬದ ಅಡಿಗೆ ತಳ್ಳಿದೆ.
ಒಳ್ಳೆಯತನ ಅಂದುಕೊಳ್ಳಬೇಡಿ.
ಸರ್ಕಾರಿ ವಕೀಲರಿಗೆ ಓದಲು ಬರುತ್ತದೆ ಎಂಬ ಹೆದರಿಕೆಯೂ ಇತ್ತು.

"ಮೊದಲ ಬಸ್ಸಿಗೇ ಬಾ. ದಾರಿಯಲ್ಲಿ ಆನೆ ಇತ್ತೆಂದರೆ
ಕೊಡಗಿನಲ್ಲಿ ಯಾರೂ ಸುಳ್ಳೆನ್ನುವುದಿಲ್ಲ, ಆದರೂ ಬೇಡ."
ಕಾಫಿ ಹೂ ಬಿಟ್ಟಿತ್ತು, ಬಸ್ಸಿನೊಳಗೂ ಅದೇ ವಾಸನೆ.
ಅಮ್ಮತ್ತಿಯಲ್ಲಿ ಚೋಮಿ ಹತ್ತಿದಳು.
ಖಾಲಿ ಇದ್ದದ್ದು ನನ್ನ ಪಕ್ಕ ಮಾತ್ರ.
ಹೆಬ್ಬೆಟ್ಟು ಒತ್ತಿ ನನ್ನ ಮೇಲೆ ಸಾಕ್ಷಿ ಹೇಳಿದವಳು
"ಕಾಫಿ ಆಯ್ತಾ, ಅಕ್ಕಾ?" ಅಂದಳು.
ಅನ್ನುತ್ತಲೇ ಸೊಂಟದ ದುಡ್ಡಿನ ಚೀಲವನ್ನು
ನನ್ನ ಕಡೆಯಿಂದ ಆ ಕಡೆಗೆ ಸರಿಸಿದಳು,
ಬೇಕೆಂದಲ್ಲ,
ನಿದ್ದೆಯಲ್ಲಿ ಮಗ್ಗುಲು ಬದಲಿಸುವ ಹಾಗೆ.

ಹನ್ನೊಂದೂವರೆಗೆ ಕೂಗಿದರು,
ದಮಯಂತಿ, ದಮಯಂತಿ, ದಮಯಂತಿ.
"ಶಿಕ್ಷೆಯ ಬಗ್ಗೆ ಏನಾದರೂ ಹೇಳುವುದಿದೆಯೇ?"
ಬಾಯಿಪಾಠ ಮಾಡಿದ್ದು ಐದು ವಾಕ್ಯ.
ಕೈ ಎಲ್ಲಿಡಬೇಕೆಂದು ಆಗಲೂ ತಿಳಿಯಲಿಲ್ಲ.
"ಇದೆ," ಅಂದೆ,
"ಮೇ ತಿಂಗಳಿಂದ ಶುರು ಮಾಡಲಾ, ಸ್ವಾಮಿ?"