ಇಬ್ಬನಿ ಬಿಂದು

ಬಾಗಿಲು ತೆರೆದಾಗ ಮೊದಲು ಬಂದದ್ದು ಚಳಿ,
ಅದರ ಹಿಂದೆ ಓಡಿಲ್ ಫೋಶೋ, ಉಣ್ಣೆಯ ಶಾಲು ಹೊದ್ದು.
ಹೊರಗೆ ಶಾಲ್ಮೆಟ್ಟಿನ ಆಗಸ್ಟ್:
ಮಿಸ್ಸಿಸಿಪ್ಪಿಯೇ ಎದ್ದು ಬೀದಿಯಲ್ಲಿ ನಿಂತಂಥ ಗಾಳಿ,
ಉಸಿರಾಡುವುದಲ್ಲ, ಕುಡಿಯುವುದು.

"ವಾಸನೆ," ಅಂದಳು. "ನನಗೀಗ ಗೊತ್ತಾಗೋದಿಲ್ಲ.
ಬಂದವರು ಹೇಳ್ತಾರೆ."

ನಾನು ಹೊಂಡುರಾಸಿನ ಕಡಲಂಚಿನವನು.
ಹನ್ನೊಂದು ವರ್ಷದಿಂದ ಇದೇ ಕಸುಬು,
ಕಂಡವರ ಗೋಡೆ ಮೂಸುವುದು.
ಹಳೆ ಪುಸ್ತಕ, ಒದ್ದೆ ನಾಯಿ, ಮೂಟೆಯಲ್ಲಿ ಮರೆತ ಆಲೂಗೆಡ್ಡೆ,
ಈ ಮೂರರ ನಡುವೆ ಎಲ್ಲೋ ಇರುತ್ತದೆ ಬೂಷ್ಟು.

ಮೀಟರಿನ ಎರಡು ಹಲ್ಲು ಗೋಡೆಗೆ ಕಚ್ಚಿಸಿದೆ.
ಹಾಲು ಪರವಾಗಿಲ್ಲ. ಅಡುಗೆಮನೆ ಪರವಾಗಿಲ್ಲ.
ಮಲಗುವ ಕೋಣೆಯ ಹೊರಗೋಡೆಗೆ ಬಂದಾಗ
ಅಂಕಿ ಏರಿ ಏರಿ ಕಿರುಚಿಕೊಂಡಿತು.

ಅಲ್ಲಿ ವಿನೈಲ್ ಕಾಗದ, ಬಿಳಿ ಮ್ಯಾಗ್ನೋಲಿಯಾ ಹೂ,
ಒಂದು ಎಸಳೂ ಕದಲದ ಹಾಗೆ ಅಂಟಿಸಿದ್ದು.
ಎವೆಲಿಯೊ ಮೂಲೆ ಹಿಡಿದು ಎಳೆದ.
ಬೆವರಿದ ಬೆನ್ನಿಂದ ಅಂಗಿ ಬಿಟ್ಟ ಹಾಗೆ ಬಿಟ್ಟುಕೊಂಡಿತು.
ಹಿಂದೆ ಕಪ್ಪು, ಹಸಿರು, ಎರಡಕ್ಕೂ ಸೇರದ ಇನ್ನೊಂದು;
ಒಂದೊಂದು ಹೂವಿನ ಬೆನ್ನಿಗೂ ಒಂದೊಂದು ಹೂವು.

ಮೇಲೆ ಥಳುಕು ಒಳಗೆ ಹುಳುಕು ಅನ್ನುವುದು ಬೈಗುಳ.
ಇದು ಬೈಗುಳವಲ್ಲ, ಬರೀ ಭೌತಶಾಸ್ತ್ರ.

ಬ್ಲೀಚಿನ ಬಾಟಲಿ ತಂದು ತೋರಿಸಿದಳು, ಮೂರೂ ಖಾಲಿ.
"ಉಜ್ಜಿದೆ. ಬಣ್ಣ ಹೊಡೆಸಿದೆ. ಮತ್ತೆ ಬಂತು."
ಬರದೆ ಏನು ಮಾಡೀತು?
ಬಾಯಿ ಒರೆಸಿದಿರಿ, ಊಟ ಹಾಕುವುದು ನಿಲ್ಲಿಸಲಿಲ್ಲ.

ಪ್ಲಾಸ್ಟಿಕ್ ಹಾಳೆ ಕಟ್ಟಿದೆವು, ಅದಕ್ಕೊಂದು ಜಿಪ್ಪಿನ ಬಾಗಿಲು,
ಒಳಗಾಳಿಯನ್ನು ಸೋಸಿ ಹೊರಗೆಳೆಯುವ ಯಂತ್ರ.
ಮುಖವಾಡ, ಬಿಳಿ ಸೂಟು. ಹತ್ತು ನಿಮಿಷಕ್ಕೆ
ನಮ್ಮೊಳಗೇ ಮಳೆಗಾಲ.
ಎದೆಮಟ್ಟ ಗೋಡೆ ಕೊಯ್ದು ಜೋಡಿ ಚೀಲಕ್ಕೆ ತುಂಬಿ
ಉಳಿದ ಮರದ ಕಂಬಗಳನ್ನು ತಂತಿಬ್ರಷ್ಷಿನಲ್ಲಿ ತಿಕ್ಕಿದೆವು.
ಒಂದರ ಮೇಲೆ ಬಡಗಿಯ ಪೆನ್ಸಿಲು: ಹದಿನಾಲ್ಕೂ ಮುಕ್ಕಾಲು,
ಕೆಳಗೆ ಎರಡು ಗೆರೆ.
ಯಾವನಿಗೋ ಎಂದೋ ಸರಿಹೋದ ಲೆಕ್ಕ. ಅದನ್ನು ತಿಕ್ಕಲಿಲ್ಲ.

ಮೂರನೆಯ ದಿನ ಹೇಳಲೇಬೇಕಾಯಿತು.
ಪೈಪು ಸೋರುತ್ತಿಲ್ಲ ಮ್ಯಾಡಂ, ಸೂರೂ ಸೋರುತ್ತಿಲ್ಲ.
ಮನೆ ಬೆವರುತ್ತಿದೆ,
ಐಸು ಹಾಕಿದ ಚಹಾದ ಲೋಟ ಬೆವರುವ ಹಾಗೆ.
ಹೊರಗಿನ ಹಸಿಗಾಳಿ ಗೋಡೆಯೊಳಗೆ ನುಸುಳಿ
ನಿಮ್ಮ ಚಳಿಯನ್ನು ಮುಟ್ಟಿ ಅಲ್ಲೇ ನೀರಾಗುತ್ತದೆ.
ಆ ಕಾಗದ ಅದನ್ನು ಆರಗೊಡುವುದಿಲ್ಲ.
ಅರವತ್ತೆರಡು ಫ್ಯಾರನ್‌ಹೀಟಿಗೆ ಇಟ್ಟಿದ್ದೀರಿ,
ಎಪ್ಪತ್ತಾರು ಮಾಡಿ.

ಆಕೆ ಥರ್ಮೋಸ್ಟಾಟಿನ ಮುಂದೆ ಹೋಗಿ ನಿಂತಳು,
ಅಂಗೈ ಅಡ್ಡವಿಟ್ಟು, ಮಗುವಿನ ಕಣ್ಣು ಮುಚ್ಚಿದ ಹಾಗೆ.

"ಚಂಡಮಾರುತ ನಮಗೇನೂ ಮಾಡಲಿಲ್ಲ.
ಒಂದು ಗಾಜೂ ಒಡೀಲಿಲ್ಲ.
ಹೋದದ್ದು ಕರೆಂಟು. ಹನ್ನೆರಡು ದಿನ.
ಒಂಬತ್ತನೇ ಮಧ್ಯಾಹ್ನ ನನ್ನ ತಂಗಿ ಕ್ಲೊಟಿಲ್ಡ್
ಇದೇ ಕೋಣೇಲಿ, ಇದೇ ಗೋಡೆಗೆ ಕೆನ್ನೆ ಒತ್ತಿ,
ಗೋಡೆಯಾದರೂ ತಣ್ಣಗಿರಬಹುದು ಅಂತ..."

ಎವೆಲಿಯೊ ಯಂತ್ರ ಆರಿಸಿದ.

ನಮ್ಮ ಫಾರಮಿನಲ್ಲಿ ಒಂದು ಖಾನೆ ಇದೆ, ತೇವದ ಮೂಲ:
ಕಿಟಕಿ, ಪೈಪು, ಸೂರು, ಪ್ರವಾಹ, ಇತರೆ.
ಪೆನ್ನು ಹಿಡಿದು ಬಹಳ ಹೊತ್ತು ನಿಂತೆ.

ಕೊನೆಗೆ ಒಪ್ಪಿದ್ದು ಒಂದು ಡಿಗ್ರಿಗೆ.
ವಾರಕ್ಕೊಂದು, ನಾನೇ ಬಂದು ಒತ್ತಬೇಕು;
ಬಿಲ್ಲಿಗೆ ಅದನ್ನು ಸೇರಿಸಿಲ್ಲ.
ತೇವ ಹೀರುವ ಪೆಟ್ಟಿಗೆಯೊಂದನ್ನು ಮೂಲೆಯಲ್ಲಿಟ್ಟೆ.
ಸಂಜೆ ಅದರ ತೊಟ್ಟಿ ಎಳೆದು ತೋರಿಸಿದೆ,
ಅರ್ಧ ಬಕೆಟ್ಟು ತಿಳಿನೀರು, ಬೆಳಿಗ್ಗೆ ಗಾಳಿಯಾಗಿದ್ದದ್ದು.
ಬೆರಳದ್ದಿ ನೋಡಿ "ತಣ್ಣಗಿದೆ" ಅಂದಳು,
ಹೊತ್ತೊಯ್ದು ಮೆಟ್ಟಿಲ ಬಳಿಯ ಜರಿಗಿಡಕ್ಕೆ ಸುರಿದಳು.

ಇದು ಆರನೆಯ ವಾರ. ಅರವತ್ತೊಂಬತ್ತು.
ಹೊಸ ಗೋಡೆಗೆ ಕಾಗದ ಬೇಡವಂತೆ,
ಉಸಿರಾಡುವ ಬಣ್ಣ ಸಾಕಂತೆ.
ನಾನು ಮೀಟರು ಹೊರತೆಗೆಯುವ ಮೊದಲೇ
ಆಕೆ ಮುಂಗೈ ಮಗುಚಿ ಗೋಡೆ ಮುಟ್ಟುತ್ತಾಳೆ,
ಜ್ವರ ನೋಡುವ ಹಾಗೆ.