ಷರಾ

ಮೂರು ದ್ವೀಪಸ್ತೋಮಗಳನ್ನು ಕತ್ತರಿಸಿ, ಸೇರಿಸಿ ಹೊಲಿದು
ಅಪ್ಪ ನನಗೊಂದು ಹೆಸರು ಮಾಡಿದ:
ಲುಸೋನ್, ವಿಸಾಯಸ್, ಮಿಂಡನಾವೋ,
ಲುಸ್ವಿಮಿಂಡಾ.
ದೇಶವನ್ನೇ ಹೊತ್ತು ತಿರುಗುತ್ತಾಳೆಂದು ದೋಣಿಯವರ ನಗೆ.
ಹೊತ್ತಿರುವುದು ಒಂದು ಥರ್ಮೋಕೋಲ್ ಪೆಟ್ಟಿಗೆ,
ಒಂದು ರಿಜಿಸ್ಟರು.
ಚಪ್ಪಲಿ ಕೈಯಲ್ಲಿ, ಕೆಸರು ಮೊಣಕಾಲಿಗೆ.

ಸಾಮಾರಿನ ಈ ಅಂಚಿನಲ್ಲಿ ಇಳಿತ ಬಂದರಷ್ಟೇ
ಓಣಿಗಳು ಹುಟ್ಟುತ್ತವೆ.
ಉಬ್ಬರಕ್ಕೆ ಮನೆಗಳೆಲ್ಲ ಬಿದಿರುಗಾಲ ಮೇಲೆ
ಲಂಗ ಎತ್ತಿಕೊಂಡ ಹೆಂಗಸರ ಹಾಗೆ
ನೀರು ಹೋಗಲೆಂದು ಕಾಯುತ್ತವೆ.

ಪೆಟ್ಟಿಗೆಯಲ್ಲಿ ನಿನ್ನೆ ಮೀನಿತ್ತು, ಇವತ್ತು ಮಾತ್ರೆ.
ವಾಸನೆ ಬರುತ್ತದೆಂದು ಮೂಗು ಮುರಿದವಳಿಗೆ
ತೊಟ್ಟಿಲ ಬಾಡಿಗೆಗಿಂತ ಅಗ್ಗ ಕಣೇ, ನುಂಗು ಎನ್ನುತ್ತೇನೆ.
ಇಗರ್ಜಿಯ ಮುಂದೆ ಪಾದ್ರಿ ಸಿಕ್ಕಿದರೆ
ನನ್ನನ್ನು ನೋಡಿ, ಪೆಟ್ಟಿಗೆ ನೋಡಿ, ಆಕಾಶ ನೋಡುತ್ತಾನೆ.
ನಾನು ಶಿಲುಬೆಯ ಗುರುತು ಮಾಡಿಕೊಳ್ಳುತ್ತೇನೆ.
ಅವನ ಕೆಲಸ ಅವನದು.

ಹೆಸರು. ವಯಸ್ಸು. ಗಂಡನ ಹೆಸರು.
ಬದುಕಿರುವ ಮಕ್ಕಳು. ಉಳಿಯದ ಮಕ್ಕಳು. ವಿಧಾನ.
ಕೊನೆಗೆ ಬೆರಳಗಲದ ಒಂದು ಖಾನೆ:
ಷರಾ.

ನೆರಿಸ್ಸಾ. ಮೂವತ್ತೊಂದು. ಏಳು. ಎರಡು.
ಷರಾ: ಗಂಡನಿಗೆ ತಿಳಿಯಕೂಡದು.
ಮಾತ್ರೆ ಅಕ್ಕಿ ಡಬ್ಬಿಯ ತಳದಲ್ಲಿ.
ತಿಂಗಳ ಕೊನೆಗೆ ಡಬ್ಬಿಯ ತಳ ಕಾಣತೊಡಗಿದರೆ
ಮಾತ್ರೆಗೆ ಬೇರೆ ಜಾಗ ಹುಡುಕಬೇಕು.

ಎಡಿಲ್ಬರ್ಟಾ. ನಲವತ್ತು.
ಗಂಡ ಸೆಬುವಿನಲ್ಲಿ ಇನ್ನೊಬ್ಬಳ ಜೊತೆ, ಹನ್ನೊಂದು ವರ್ಷ.
ಆದರೂ ಅವನ ಹೆಸರು ಬರೆಯಲೇಬೇಕು,
ನಮ್ಮಲ್ಲಿ ಮದುವೆಗೆ ಮುಂಬಾಗಿಲಷ್ಟೇ.
ರದ್ದು ಮಾಡಿಸುತ್ತೇನೆಂದ ವಕೀಲ
ಎರಡು ದೋಣಿಯ ಬೆಲೆ ಹೇಳಿದನಂತೆ.
ಇವಳ ಹತ್ತಿರ ಇರುವುದು ಒಂದು ಹುಟ್ಟು.
ಷರಾ: ಸಹಿ ಮಾಡುವಾಗ ಪ್ರತಿಸಲವೂ ನಗುತ್ತಾಳೆ.

ಮನಿಲಾಕ್ಕೆ ಮನೆಗೆಲಸಕ್ಕೆ ಹೋದ ಒಬ್ಬಳು
ಸಂತೆಯಲ್ಲಿ ತೊಗಟೆಯ ಕಷಾಯ ಕೊಂಡು, ಕುಡಿದು,
ಹಡಗಿನಲ್ಲಿ ಇಡೀ ರಾತ್ರಿ ಒದ್ದೆಯಾಗಿ ಬಂದಳು.
ಆಸ್ಪತ್ರೆಯಲ್ಲಿ ಮೊದಲು ವಿಚಾರಣೆ,
ಏನು ತಿಂದೆ, ಯಾರು ಕೊಟ್ಟರು, ನಾಚಿಕೆಯಿಲ್ಲವೇ.
ರಕ್ತದ ಬಾಟಲಿ ಆಮೇಲೆ.
ಅವಳ ಹೆಸರು ಇಲ್ಲಿ ಹೇಳುವುದಿಲ್ಲ.
ಷರಾ: ಜ್ವರ.
ಇಡೀ ಪುಸ್ತಕದಲ್ಲಿ ನಾನು ಬರೆದ ಸುಳ್ಳು ಅದೊಂದೇ
ಎಂದುಕೊಂಡಿದ್ದೆ.

ಕಳೆದ ಜೂನಿನಲ್ಲಿ, ರಾತ್ರಿ, ಪಾತ್ರೆ ಒರೆಸುತ್ತ
ನನ್ನ ಜೊವೆಲಿನ್ ಕೇಳಿದಳು,
ನಾನಾಯ್, ಆ ಪೆಟ್ಟಿಗೆಯಲ್ಲಿರುವುದನ್ನು
ಯಾರು ಕೇಳಿದರೂ ಕೊಡುತ್ತೀಯಾ?
ನಾನು ಲೆಕ್ಕ ಕೂಡುತ್ತಿದ್ದೆ. ತಲೆಯೆತ್ತದೆ ಕಾನೂನು ಹೇಳಿದೆ:
ಹದಿನೆಂಟು ತುಂಬಿರದಿದ್ದರೆ
ಅಪ್ಪ ಅಥವಾ ಅಮ್ಮನ ಸಹಿ ಬೇಕು.
ಸರಿಯಾದ ಉತ್ತರ. ತರಬೇತಿಯಲ್ಲಿ ಇದಕ್ಕೇ
ನನಗೆ ಚಪ್ಪಾಳೆ ಬಿದ್ದಿತ್ತು.
ಯಾರಿಗೆ ಬೇಕು, ಮಗಳೇ, ಎಂದು ಕೇಳಲಿಲ್ಲ.
ಒರೆಸಿದ ತಟ್ಟೆಯನ್ನೇ ಅವಳು ಮತ್ತೆ ಒರೆಸಿದಳು.

ಇವತ್ತು ಹೊಸ ಪುಟ.
ಊರಿಗೆಲ್ಲ ಲಾಟೀನು ಹಿಡಿದವಳ ಅಂಗೈ ಕೆಳಗೆ
ಎಷ್ಟು ಕತ್ತಲೆ ಹಿಡಿಸುತ್ತದೋ
ಅಷ್ಟೇ ಅಗಲ ಈ ಪುಟ.
ಹೆಸರು: ಜೊವೆಲಿನ್.
ವಯಸ್ಸು: ಹದಿನಾರು.
ಗಂಡನ ಹೆಸರು: ಒಂದು ಗೀಟು.
ಬದುಕಿರುವ ಮಕ್ಕಳು: ಸೊನ್ನೆ. ಪೆನ್ಸಿಲಿನಲ್ಲಿ,
ಮಳೆಗಾಲಕ್ಕೆ ಅಳಿಸಬೇಕಲ್ಲ.
ಷರಾದ ಮೇಲೆ ನನ್ನ ಕೈ ನಿಂತಿತು.
ಬೈಗುಳ ಬರಲಿಲ್ಲ, ಅಳುವೂ ಬರಲಿಲ್ಲ,
ಅಕ್ಷರಗಳೇ ಬರಲಿಲ್ಲ.

ಅವಳು ಮೆಲ್ಲಗೆ ಪೆನ್ಸಿಲು ತೆಗೆದುಕೊಂಡು
ಶಾಲೆಯ ದುಂಡಗಿನ ಬರಹದಲ್ಲಿ ಬರೆದಳು:
ಕೇಳಿದ್ದೆ.

ನೀರು ಏರುತ್ತಿದೆ. ಕಾಂಡ್ಲಾ ಬೇರಿನಾಚೆ
ಇನ್ನೂ ನಾಲ್ಕು ಮನೆ ಬಾಕಿ.
ಈಗೀಗ ಮೆಟ್ಟಿಲು ಹತ್ತಿದವಳೇ
ಮನೆಯೊಡತಿ ಹಾಕಿದ ಸ್ಟೂಲು ಬಿಟ್ಟು
ಹಿತ್ತಲ ಕಡೆ ಹೋಗುತ್ತೇನೆ,
ಪಾತ್ರೆ ತೊಳೆಯುವ ಹುಡುಗಿಯ ಪಕ್ಕ ಕುಕ್ಕರಗಾಲಲ್ಲಿ ಕೂತು
ಒಂದು ತಟ್ಟೆ ತೊಳೆದು ಕೊಡುತ್ತೇನೆ.
ರಿಜಿಸ್ಟರು ತೆರೆಯುವುದಿಲ್ಲ.